ತಲಾ ಲೆಕ್ಕ

ಎಂಬತ್ತೇಳು ಮಕ್ಕಳಿಗೆ ಅಕ್ಕಿ ಅಳೆದು ಹಾಕಿ
ಕುಕ್ಕರಿನ ಸೀಟಿಗೆ ಕಾಯುವ ಹೊತ್ತು
ನಾವು ಮೂವರು ಮುಂಬಯಿಗೆ ಹೋಗುತ್ತೇವೆ.
ದಿನಾ ಹೋಗುತ್ತೇವೆ. ಬೇಳೆ ಬೇಯುವುದರೊಳಗೆ ವಾಪಸ್ಸು.

ಯಡೇಹಳ್ಳಿ ಕ್ರಾಸಿನಾಚೆಯ ಈ ಶಾಲೆಯ ಅಡುಗೆಕೋಣೆಯಲ್ಲಿ
ಬರೆಯಲು ಬೇರೆ ಪುಸ್ತಕವಿಲ್ಲ,
ದಾಸ್ತಾನು ವಹಿಯ ಕೊನೆಯ ಹಾಳೆಯೇ ನಮ್ಮ ನಕಾಶೆ.
ಮುಂದಿನಿಂದ ತೊಗರಿಬೇಳೆ, ಎಣ್ಣೆ, ಉಪ್ಪು,
ಹಿಂದಿನಿಂದ ಮುಂಬಯಿ.
ಎರಡೂ ಯಾವ ಪುಟದಲ್ಲಿ ಎದುರಾಗುತ್ತವೋ ಎಂದು
ಒಳಗೊಳಗೇ ನನಗೆ ಅಳುಕು.

ಗುತ್ಯಮ್ಮನಿಗೆ ಎಲ್ಲವೂ ತಲಾ ಲೆಕ್ಕ.
ತಲಾ ಇಷ್ಟು ಗ್ರಾಮು ಅಕ್ಕಿ, ತಲಾ ಒಂದು ಮೊಟ್ಟೆ.
ಹಾಗೆಯೇ ತಲಾ ಒಂದು ರಗ್ಗು, ತಲಾ ಆರು ಚಪಾತಿ,
ಶೇಂಗಾ ಚಟ್ನಿಪುಡಿ ಒಟ್ಟಿಗೆ ಕಾಲು ಕೇಜಿ.
ಹೊನ್ನಾವರದವರೆಗೆ ಸರ್ಕಾರಿ ಬಸ್ಸು, ಆಧಾರ್ ತೋರಿಸಿದರೆ ಸೊನ್ನೆ.
ಗೇರುಸೊಪ್ಪೆ ಘಟ್ಟದ ತಿರುವಿಗೆ ನಿಂಬೆಹಣ್ಣು: ಎರಡು.
ಎರಡೂ ಅವಳಿಗೇ.
ಅಲ್ಲಿಂದ ರೈಲು, ಜನರಲ್ ಬೋಗಿ,
ಶೌಚಾಲಯದ ಬಾಗಿಲಿಂದ ದೂರ ಜಾಗ ಸಿಗುವುದು: ಅದೃಷ್ಟ.
ಅದೃಷ್ಟದ ಮುಂದೆ ಮೊತ್ತ ಬರೆಯದೆ ಗೆರೆ ಎಳೆದಿದ್ದೇವೆ.

"ಸಮುದ್ರ ನೋಡೋಕಾದ್ರೆ ಹೊನ್ನಾವರದಲ್ಲೇ ನೋಡಿ ಬರಬಹುದಲ್ಲ,
ಪುಕ್ಕಟೆ" ಎಂದರು ಹೆಡ್‌ಮೇಷ್ಟ್ರು, ಸಾಂಬಾರಿನ ರುಚಿ ನೋಡುತ್ತ.
ಸಮುದ್ರವನ್ನಲ್ಲ ಸರ್,
ಸಮುದ್ರದ ಅಂಚಿಗೆ ಅಷ್ಟೊಂದು ದೀಪ ಹಚ್ಚಿಟ್ಟು
ಆರಿಸಲು ಮರೆತವರನ್ನು ನೋಡಬೇಕು.
ಇಲ್ಲಿ ಒಂದು ಬಲ್ಬು ಹೆಚ್ಚು ಹೊತ್ತು ಉರಿದರೆ
ನೀವೇ ಬಂದು ಕೇಳುತ್ತೀರಿ.

ನೋಡುವ ಜಾಗಗಳನ್ನು ಆರನೇ ಕ್ಲಾಸಿಗೆ ವಹಿಸಿದೆವು.
ಪಾಠದಲ್ಲಿದ್ದದ್ದನ್ನೆಲ್ಲ ಬರೆದು ತಂದರು, ಕಾಗುಣಿತ ತಪ್ಪಿ.
ಮೌನೇಶ ಒಬ್ಬ ಬರೆದಿದ್ದ:
ವಿಮಾನ ಹೊಟ್ಟೆ ಕಾಣುವಷ್ಟು ಕೆಳಗೆ ಬರುವ ಬೀದಿ.
ಅದಕ್ಕೆ ಟಿಕೆಟ್ಟಿಲ್ಲ. ಪಟ್ಟಿಯ ತುದಿಗೆ ಏರಿಸಿದೆವು,
ಅವನಿಗೆ ಅಂದು ಎರಡು ಮೊಟ್ಟೆ.

ಫೆಲ್ಸಿಬಾಯಿಯದು ದೊಡ್ಡ ಕೈ.
ಮೂರು ತಿಂಗಳ ಗೌರವಧನ ಒಟ್ಟಿಗೇ ಬಂದರೆ, ಅನ್ನುತ್ತಾಳೆ,
ಆ 'ಬಂದರೆ'ಗೆ ಕೈಯ ಸೌಟನ್ನೂ ಕೆಳಗಿಡುತ್ತಾಳೆ,
ದಾದರ್‌ನಲ್ಲಿ ಬಾಗಿಲಿಗೆ ಚಿಲಕವಿರುವ ಲಾಡ್ಜು,
ಎರಡಂತಸ್ತಿನ ಬಸ್ಸಿನ ಮೇಲೆ, ಎದುರಿನ ಸೀಟು,
ಅವಳ ಚಿಕ್ಕಮ್ಮ ನಲವತ್ತು ವರ್ಷ ಪಾತ್ರೆ ತೊಳೆದ ಕಟ್ಟಡವನ್ನು
ಹೊರಗಿನಿಂದ, ಎದುರಿನ ಫುಟ್‌ಪಾತಿನಿಂದ,
ಒಂದು ಐಸ್‌ಕ್ಯಾಂಡಿ ಮುಗಿಯುವಷ್ಟು ಹೊತ್ತು ನೋಡುವುದು.
ಐಸ್‌ಕ್ಯಾಂಡಿ: ಮೂರು.

ಹಣ ಬಾರದಿದ್ದರೆ?
ಅದಕ್ಕೂ ಒಂದು ಪುಟವಿದೆ.
ಗುರುದ್ವಾರ ಅಂತ ಇರುತ್ತದಂತೆ, ಯಾರು ಹೋದರೂ ಊಟ,
ಜಾತಿ ಕೇಳುವುದಿಲ್ಲ, ಊರು ಕೇಳುವುದಿಲ್ಲ,
ಸಾಲಿನಲ್ಲಿ ಕುಳಿತರೆ ಸಾಕು, ಬಡಿಸುತ್ತಾರೆ.
ಕಣ್ಣು ಮುಚ್ಚಿ ಕುಳಿತು ನೋಡಿದೆ, ಇಲ್ಲೇ, ಅಕ್ಕಿಚೀಲದ ಮೇಲೆ:
ಯಾರೋ ಬಗ್ಗಿ 'ಇನ್ನೊಂದು ರೊಟ್ಟಿ?' ಅಂದಂತೆ.
ಹದಿನಾಲ್ಕು ವರ್ಷದಿಂದ ಆ ಮಾತನ್ನು
ನಿಂತು ಹೇಳಿದ್ದೇನೆ. ಕುಳಿತು ಕೇಳಿಲ್ಲ.
ಗುತ್ಯಮ್ಮ ನಕ್ಕಳು: ನೀನು ಎರಡು ತುತ್ತಿಗೇ ಎದ್ದು
ಒಳಗೆ ಹೋಗಿ ಉಪ್ಪು ಸಾಲದು ಅಂತೀಯ.

ಹೌದು, ಅಂದೇನು.

ಏಪ್ರಿಲ್ ಹನ್ನೆರಡು ಎಂದು ತಾರೀಕು ಹಾಕಿದೆವು.
ಹಾಕಿದ ದಿನ ಒಗ್ಗರಣೆ ಸೀದು ಹೋಯಿತು.

ನಿನ್ನೆ ಬಿಇಓ ಕಚೇರಿಯಿಂದ ತಪಾಸಣೆ.
ಕನ್ನಡಕದ ಹುಡುಗ, ಹೊಸಬ, ವಹಿಯನ್ನು ಹಿಂದುಮುಂದಾಗಿ ತೆರೆದ.
ಬೆರಳು ಒಂದೊಂದೇ ಸಾಲು ಇಳಿಯಿತು,
ನಿಂಬೆಹಣ್ಣು, ಐಸ್‌ಕ್ಯಾಂಡಿ, ಅದೃಷ್ಟ.
"ಮುಂಬಯಿ, ತಲಾ ಸಾವಿರದ ಎಂಟುನೂರ ನಲವತ್ತು...
ಇದೇನಮ್ಮಾ ಇದು, ಯಾವ ಸಾಮಾನು?"
ಹೆಡ್‌ಮೇಷ್ಟ್ರು ಗೋಡೆಯ ಮೇಲಿನ ಆಹಾರದ ಪಟ್ಟಿಯನ್ನು
ಮೊದಲ ಸಲ ಕಂಡವರಂತೆ ಓದತೊಡಗಿದರು.
ಫೆಲ್ಸಿಬಾಯಿ ಒಲೆ ಸಣ್ಣ ಮಾಡಿದಳು.

ಸೆರಗಿಗೆ ಕೈ ಒರೆಸಿಕೊಂಡು ನಾನೇ ಅಂದೆ:
ಇನ್ನೂ ಬಂದಿಲ್ಲ ಸರ್.
ಬಂದ ಮೇಲೆ ತೂಕ ಮಾಡಿ ಬರೆಯುತ್ತೇವೆ.